ಎರಡು ಮೊಲಗಳಿಗೊಂದು ನೆಲ

ಫ್ರಿಜ್ಜಿನ ಹಿಂದೆ ಒಂದು ಗೇಣು ವಾಯರು ಇನ್ನೂ ಬರಿಮೈಯಲ್ಲೇ ಇದೆ, ಹೇಗೆ ಕಣ್ಣು ತಪ್ಪಿಸಿಕೊಂಡಿತೋ, ನಿನ್ನೆ ಪಡಸಾಲೆಯ ಗೋಡೆಯ ಬುಡವನ್ನೆಲ್ಲ ಮೊಣಕಾಲ ಮೇಲೆ ಸುತ್ತಿ, ಟಿವಿಯದು, ಹೊಲಿಗೆ ಮಷೀನಿನದು, ಅಮ್ಮಿಯ ಮೊಬೈಲ್ ಚಾರ್ಜರಿನದು, ಒಂದೊಂದೇ ವಾಯರನ್ನು ಪೈಪಿನೊಳಗೆ ತೂರಿಸಿ ಮೊಳೆ ಹೊಡೆದು ಕೂಡಿಸಿದ್ದಳು ಸುಮಯ್ಯ, ಆದರೂ ಇದೊಂದು ಇಲಿಯ ಬಾಲದ ಹಾಗೆ ಹೊರಗೆ ಚಾಚಿಕೊಂಡು ಕೂತಿದೆ — ಮೊಲಕ್ಕೆ ವಾಯರು ಅಂದರೆ ಬೇರು, ಕಂಡರೆ ಕಡಿಯುತ್ತದೆ, ದನದ ದವಾಖಾನೆಯ ಡಾಕ್ಟರು ಅಂಕಿತಾ ಮೊದಲ ದಿನವೇ ಹೇಳಿದ್ದರು, ಮೊದಲ ನಿಮ್ಮ ಮನಿ ವಾಯರ್ ನೋಡ್ಕೋರಿ, ಆಮ್ಯಾಲೆ ಮೊಲದ ಮಾತು, ಇವು ಸಣ್ಣ ಮೊಲ ಅಲ್ಲ, ಐದೈದು ಕಿಲೋ ಅದಾವ, ಇವುಗಳ ಹಲ್ಲಂದ್ರ ನಿಮ್ಮ ಉಳಿ ಇದ್ದಂಗ — ಡಾಕ್ಟರಿಗೆ ಬಡಿಗತನದ ಉಳಿ ಏನು ಗೊತ್ತು ಅಂತ ಆಗ ನಕ್ಕಿದ್ದಳು, ಈಗ ಹೊಟ್ಟೆಯ ಮೇಲೆ ಮಲಗಿ ಫ್ರಿಜ್ಜಿನ ಹಿಂದೆ ಕೈ ತೂರಿಸಿದರೆ ಬೆರಳ ತುದಿಗೆ ಧೂಳು, ಒಂದು ಹಳೆಯ ಗುಂಡಿ, ಒಂದು ಒಣಗಿದ ಕರಿಬೇವಿನ ಕಡ್ಡಿ, ಆಮೇಲೆ ವಾಯರು, ಹಾಂ, ಸಿಕ್ಕಿತು, ಪೈಪಿನ ತುಂಡು ಎಲ್ಲಿ, ಅಮ್ಮೀ, ಆ ಪೈಪಿನ ತುಂಡು ಕೊಡು ಇಲ್ಲಿ, ಲಗೂನ, ಅವರು ಹಾವೇರಿ ಬಿಟ್ಟಾರಂತ. ಹತ್ತು ಗಂಟೆಗೆ, ಮೊಲ ತರುತ್ತಿರುವ ಹಂಸಭಾವಿಯ ಗುದ್ಲೆಪ್ಪಕಾಕಾನ ಫೋನು ಬಂದಿತ್ತು, ಬಸ್ಸಿನ ಗದ್ದಲದೊಳಗೆ ಅರ್ಧ ಮಾತು ನುಂಗಿಕೊಂಡು, ಹಾವೇರಿ ಬಿಟ್ಟೇನಿ ತಂಗಿ, ಎರಡೂ ಬುಟ್ಟ್ಯಾಗ ಅರಾಮ ಅದಾವ, ಆದ್ರ ಹೇಳಿದ್ದು ನೆನಪೈತಿಲ್ಲ, ನಿನ್ನ ಮನಿ ನೋಡ್ತೇನಿ, ಮನಸಿಗೆ ಬಂದ್ರ ಬಿಡ್ತೇನಿ, ಬರಲಿಲ್ಲಂದ್ರ ಅದ ಬುಟ್ಟ್ಯಾಗ ತಿರುಗಿ ಒಯ್ತೇನಿ, ಬ್ಯಾಸರ ಮಾಡ್ಕೋಬಾರದು. ನೆನಪೈತ್ರಿ ಕಾಕಾ, ಬರ್ರಿ, ಅಂದಿದ್ದಳು, ದನಿ ಗಟ್ಟಿ ಇತ್ತು, ಯಾಕೆ ಇರಬಾರದು, ಬಂದು ನೋಡಲಿ, ಸವಣೂರಿನೊಳಗೆ ಇಂಥ ನೆಲವನ್ನು ಮನುಷ್ಯರಿಗೂ ಯಾರೂ ಹಾಸಿಲ್ಲ.

ಖಲಂದರ ಮಿಸ್ತ್ರಿಯ ಮಗಳು, ಊರಲ್ಲಿ ಇವತ್ತಿಗೂ ಅವಳ ಗುರುತು ಅದೇ, ಇರಲಿ, ಅದೇನು ಸಣ್ಣ ಗುರುತಲ್ಲ, ಅಬ್ಬಾ ತೀರಿಕೊಂಡು ಆರು ವರ್ಷ, ನಲವತ್ತು ದಿನ ಆದ ಮೇಲೆ ಬಂದವರೆಲ್ಲ ಅಂಗಡಿ ಬಾಡಿಗೆಗೆ ಕೊಟ್ಟುಬಿಡ್ರಿ, ಹೆಣ್ಮಗಳು ಗರಗಸ ಹಿಡೀತಾಳೇನು ಅಂದರು, ಅವರ ಚಹಾದ ಕಪ್ಪು ಇನ್ನೂ ಬಿಸಿ ಇರುವಾಗಲೇ ಎದ್ದು ಹೋಗಿ ಗರಗಸದ ಸ್ವಿಚ್ಚು ಒತ್ತಿದವಳು ಇವಳು, ಆ ಸಪ್ಪಳಕ್ಕೆ ಪಡಸಾಲೆಯ ಮಾತೆಲ್ಲ ನಿಂತುಹೋಗಿತ್ತು, ಈಗ ಗಿರಾಕಿಗಳು ಬಂದು ಮಿಸ್ತ್ರಿ ಎಲ್ಲ್ಯದಾರ ಅಂದರೆ ಮೂಗಿನ ಮೇಲಿನ ಹೊಟ್ಟು ಒರೆಸಿಕೊಂಡು ನಾನ ರಿ ಮಿಸ್ತ್ರಿ ಅನ್ನುತ್ತಾಳೆ, ಅವರ ಮುಖ ಒಂದು ಗಳಿಗೆ ಹ್ಯಾಗೋ ಆಗುತ್ತದೆ, ಆ ಗಳಿಗೆಯನ್ನು ಸುಮಯ್ಯ ಬೆಲ್ಲದ ಹಾಗೆ ಚೀಪುತ್ತಾಳೆ. ಎರಡು ತಿಂಗಳ ಹಿಂದೆ ಗುದ್ಲೆಪ್ಪಕಾಕಾ ಹೇಳಿಕಳಿಸಿದ್ದ, ಮೊಲದ ಸಾಕಣೆ ಬಂದ್ ಮಾಡಾಕತ್ತೇನಿ, ಮಂಡಿ ಕೇಳವಲ್ವು, ನಿಮ್ಮಪ್ಪ ಮಾಡಿದ ಗೂಡು ಅದಾವ, ಕಟ್ಟಿಗಿ ಬೇಕಂದ್ರ ಬಿಚಗೊಂಡು ಹೋಗು. ಟೆಂಪೋ ಮಾಡಿಕೊಂಡು ಹೋದಳು, ನಲವತ್ತು ಗೂಡು, ಹನ್ನೆರಡು ವರ್ಷದ ಹಿಂದೆ ಅಬ್ಬಾನ ಜೊತೆ ತಾನೇ ನಿಂತು ಜೋಡಿಸಿದ್ದು, ಬೇವಿನ ಕಟ್ಟಿಗೆ, ಅಷ್ಟು ವರ್ಷ ಮೊಲದ ಉಚ್ಚೆ ಕುಡಿದು ಕಪ್ಪಾಗಿತ್ತು, ಆದರೆ ಒಂದೇ ಒಂದು ಜೋಡಣೆ ಅಲುಗಾಡಿರಲಿಲ್ಲ, ಸುತ್ತಿಗೆಯಿಂದ ಮೂರು ಮೂರು ಏಟು ಹಾಕಿದರೂ ಬಿಡಲೊಲ್ಲದು, ನೋಡು ತಂಗಿ, ಇದು ನಿಮ್ಮಪ್ಪನ ಕೈ ಅಂತ ಗುದ್ಲೆಪ್ಪಕಾಕಾ ಅಂದಾಗ ಅವಳ ಎದೆ ಇಷ್ಟಗಲ ಆಗಿತ್ತು, ಏಟು ಹಾಕುತ್ತ ಹಾಕುತ್ತ ಕೊನೆಯ ಗೂಡಿನ ತನಕ ಬಂದಳು, ಅದರೊಳಗೆ ಇವೆರಡು ಕೂತಿದ್ದವು — ಬೂದಿ ಬಣ್ಣ, ಒಂದೊಂದೂ ಎಳೆ ಆಡಿನಷ್ಟು, ಗೇಣುದ್ದದ ಕಿವಿ, ಗದ್ದದ ಕೆಳಗೆ ಶಾಲು ಹೊದ್ದಂತೆ ಜೋತ ತೊಗಲು, ಉಳಿದವೆಲ್ಲ ಹೋದ ಮೇಲೂ ಗೌಡತಿಯರ ಹಾಗೆ ಕೂತಿದ್ದವು. ಅಕ್ಕ ತಂಗಿ ಅಂದ ಗುದ್ಲೆಪ್ಪಕಾಕಾ, ಇವುಗಳ ಮಕ್ಕಳು ಮರಿಮಕ್ಕಳನ್ನೆಲ್ಲಾ ಮಾಂಸಕ್ಕ ಮಾರೇನಿ, ಅದು ಸುಳ್ಳಲ್ಲ, ಆದ್ರ ಇವನ್ನ ಮಾರಾಕ ಕೈ ಬರವಲ್ದು, ಇವು ನನಗ ಅನ್ನ ಹಾಕ್ಯಾವ.

ಬಾಗಿಲು ತೆಗೆದು ದೊಡ್ಡದನ್ನು ಎತ್ತಿಕೊಂಡಳು, ಎತ್ತಿಕೊಂಡದ್ದಕ್ಕೆ ಆಯಿತು ಎಲ್ಲ, ಎತ್ತಿಕೊಳ್ಳದಿದ್ದರೆ ಕಟ್ಟಿಗೆ ಹೇರಿಕೊಂಡು ಬಂದುಬಿಡುತ್ತಿದ್ದಳು, ಅದರ ಹಿಂಗಾಲು ಅವಳ ಅಂಗೈಯೊಳಗೆ ಬಂತು, ಅಂಗಾಲಿನ ತುಪ್ಪಳ ಪೂರ್ತಿ ಹೋಗಿ ತೊಗಲು ದಪ್ಪಗಾಗಿ, ನಡುವೆ ಒಂದು ರೂಪಾಯಿ ಅಗಲದ ಕೆಂಪು, ಇದೇನಾತ್ರಿ ಕಾಕಾ, ಏನಿಲ್ಲ ತಂಗಿ, ಜಾಳಿಗಿ ಮ್ಯಾಲೆ ನಿಂತು ನಿಂತು ಹಂಗ ಆಕ್ಕಾವ, ಎಲ್ಲಾವಕ್ಕೂ ಆಕ್ಕಾವ, ಹಿಕ್ಕಿ ಕೆಳಗ ಬೀಳಬೇಕಲ್ಲ, ಅದಕ್ಕ ಜಾಳಿಗಿ. ಆ ತಂತಿ ಜಾಳಿಗೆಯನ್ನು ಬಡಿದವಳು ಯಾರು, ಇಪ್ಪತ್ತನಾಲ್ಕು ವರ್ಷದ ಹುಡುಗಿ, ಅಬ್ಬಾ ಎರಡೂ ಕೈಯಿಂದ ಜಗ್ಗಿ ಹಿಡಿದಿದ್ದರು, ಇವಳು ಪಟ ಪಟ ಮೊಳೆ ಹೊಡೆದಿದ್ದಳು, ತಬಲದ ಹಾಗೆ ಬಿಗಿಯಾಗಿ ಕೂತಿತ್ತು ಜಾಳಿಗೆ, ಅಬ್ಬಾ ಅದರ ಮೇಲೆ ಅಂಗೈ ಆಡಿಸಿ ಶಭಾಶ್ ಅಂದಿದ್ದರು, ಅಬ್ಬಾನ ಬಾಯಿಂದ ಶಭಾಶ್ ಕೇಳಬೇಕಾದರೆ ವರ್ಷಗಟ್ಟಲೆ ಕಾಯಬೇಕಿತ್ತು, ಆ ಶಭಾಶನ್ನು ಹನ್ನೆರಡು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದಳು, ಅದು ಈಗ ಅಂಗೈಯೊಳಗೆ ಒಂದು ರೂಪಾಯಿ ಅಗಲ ಕೆಂಪಗೆ ಕಾಣುತ್ತಿದೆ — ಇವನ್ನ ನನಗ ಕೊಡ್ರಿ ಕಾಕಾ, ಅಂದದ್ದು ಬಾಯಿ, ಅವಳಲ್ಲ. ಬಿರ್ಯಾನಿಗೇನು, ಅಂದ ಅವನು, ಸಿಟ್ಟಿನಿಂದಲ್ಲ, ಎಲ್ಲರನ್ನೂ ಕೇಳುತ್ತಿದ್ದ ಮಾತು ಅದು. ಅಲ್ರಿ, ಮನಿಯಾಗ ಇಟಗೊಳ್ಳಾಕ. ಮನಿಯಾಗ ಅಂದ್ರ? ಮನಿಯಾಗ ಅಂದ್ರ ಮನಿಯಾಗ, ಪಡಸಾಲ್ಯಾಗ, ನಾವು ಇರೂವಲ್ಲಿ. ಗುದ್ಲೆಪ್ಪಕಾಕಾ ಮಂಡಿ ಹಿಡಿದುಕೊಂಡು ನಕ್ಕ, ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇವಳ ಮುಖ ನೋಡಿ ನಗು ನಿಲ್ಲಿಸಿದ, ಎರಡು ತಿಂಗಳು ಬಿಡು, ನಾನ ತರ್ತೇನಿ, ನೋಡಿ ಬಿಡ್ತೇನಿ.

ಆ ಎರಡು ತಿಂಗಳು — ಅಬ್ಬಬ್ಬಾ, ಅಮ್ಮಿಗೆ ಹೇಳಿದ ದಿನ ಅಮ್ಮಿ ಎಲೆಯಡಿಕೆಯ ಡಬ್ಬಿ ಮುಚ್ಚಿ ಪಕ್ಕಕ್ಕಿಟ್ಟು, ಗೌಸಬಿ ಅನ್ನೋ ನನ್ನ ಹೆಸರಿಗೆ ಈ ಓಣ್ಯಾಗ ಒಂದು ಮರ್ಯಾದಿ ಐತಿ, ಮೊಲದ ಹಿಕ್ಕಿ ಬಳಿಯಾಕ ಇಟ್ಟ ಹೆಸರಲ್ಲ ಇದು, ಅಂದಳು, ಮೂರು ದಿನ ಮಾತಿಲ್ಲ, ನಾಲ್ಕನೇ ದಿನ ಸೋಫಾ ಎತ್ತಿ ಅಂಗಡಿಗೆ ಸಾಗಿಸಿದಾಗ, ಬಂದವರು ಎಲ್ಲಿ ಕುಂಡರಬೇಕು, ನಿನ್ನ ತೆಲಿ ಮ್ಯಾಲೇನು? ಬಂದವರಿಗೆ ಕುರ್ಚಿ ಅದಾವ ಅಮ್ಮಿ, ಕುರ್ಚಿ ಮಾಡೂದ ನನ್ನ ಕೆಲಸ. ಪಡಸಾಲೆಯ ಬಡಗಣ ಮೂಲೆ, ಎಂಟು ಅಡಿ ಉದ್ದ ಆರು ಅಡಿ ಅಗಲ, ಗೂಡಲ್ಲ, ಗೂಡು ಅಂದರೆ ಅವಳಿಗೆ ಈಗ ಸಿಟ್ಟು ಬರುತ್ತದೆ, ಅದು ಅವುಗಳ ಖೋಲಿ, ಸುತ್ತ ಸೊಂಟದೆತ್ತರ ಕಟಾಂಜನ, ಹಗಲೆಲ್ಲ ತೆರೆದೇ ಇರುವ ಬಾಗಿಲು, ಅದೇ ಹಳೆಯ ಬೇವಿನ ಕಟ್ಟಿಗೆ, ರಂದಾ ಹೊಡೆದಂತೆ ಹೊಡೆದಂತೆ ಕಪ್ಪು ಸಿಪ್ಪೆ ಸುರುಳಿಸುರುಳಿಯಾಗಿ ಬಿದ್ದು ಒಳಗಿನ ಜೇನು ಬಣ್ಣ ಹೊರಬಂತು, ಅಬ್ಬಾನ ಕಾಲದ ಬಣ್ಣ, ಒಂದು ಕಡೆ ಅಬ್ಬಾ ಪೆನ್ಸಿಲಿನಿಂದ ಬರೆದ ಅಳತೆ ಇತ್ತು, ಅಲ್ಲಿ ರಂದಾ ಒಂದು ಗಳಿಗೆ ನಿಂತಿತು, ಆಮೇಲೆ ಅದರ ಮೇಲೂ ಹೋಯಿತು, ಹೋಗಲೇಬೇಕಿತ್ತು, ಸೀಳು ಇತ್ತಲ್ಲ ಅಲ್ಲಿ. ಪಾಲಿಶ್ ಇಲ್ಲ, ಬಣ್ಣ ಇಲ್ಲ, ಮೊಲ ಕಟ್ಟಿಗೆ ಕಡಿಯುತ್ತದೆ, ಪಾಲಿಶ್ ಹೊಟ್ಟೆಗೆ ಹೋದರೆ ವಿಷ, ಊರಿಗೆಲ್ಲ ಕನ್ನಡಿಯಂಥ ಪಾಲಿಶ್ ಮಾಡಿಕೊಡುವ ಸುಮಯ್ಯ ತನ್ನ ಮನೆಯ ಕೆಲಸವನ್ನು ಬರಿಮೈ ಬಿಟ್ಟಳು, ಬಿಟ್ಟು ನೋಡಿದರೆ ಅದೇ ಹೆಚ್ಚು ಚಂದ. ಅಡಗಿಕೊಳ್ಳಲು ಒಂದು ಪೆಟ್ಟಿಗೆ, ಅದಕ್ಕೆ ಎರಡು ಬಾಗಿಲು, ಒಂದರಲ್ಲಿ ಅಂಜಿ ಹೊಕ್ಕರೆ ಇನ್ನೊಂದರಲ್ಲಿ ಪಾರಾಗಬೇಕು, ಇಲ್ಲಾಂದ್ರ ಎದಿ ಒಡಕೊಂಡ ಸಾಯ್ತಾವ ಅಂದಿದ್ದರು ಡಾಕ್ಟರು, ಮೂಲೆಯಲ್ಲಿ ಹಿಕ್ಕಿಗೆ ಅಗಲದ ತಟ್ಟೆ, ತಟ್ಟೆಯ ತುಂಬ ಹುಲ್ಲು, ಹತ್ತಿಮತ್ತೂರಿನಿಂದ ತರಿಸಿದ ಒಣ ಕರಕಿಯ ಎರಡು ಹೊರೆ, ಮನೆ ತುಂಬ ಹೊಲದ ವಾಸನೆ. ಆಮೇಲೆ ನೆಲ. ನೆಲಕ್ಕೇ ಒಂದು ವಾರ ಹಿಡಿಯಿತು, ಫರಸಿ ಕಲ್ಲು ತಂಪೇನೋ ಹೌದು ಆದರೆ ಜಾರುತ್ತದೆ, ಅದಕ್ಕೇ ಕಾಲುಭಾಗ ಮಾತ್ರ ಬರಿಕಲ್ಲು ಬಿಟ್ಟಳು, ಬ್ಯಾಸಗೆಯಲ್ಲಿ ಹೊಟ್ಟೆಗೆ ತಂಪಿರಲಿ ಅಂತ, ಉಳಿದದ್ದಕ್ಕೆಲ್ಲ ಹಲಗೆ, ಹಲಗೆಗೆ ಹಲಗೆ ಹೇಗೆ ಕೂಡಿಸಿದಳೆಂದರೆ ನಡುವೆ ಉಗುರು ಹೋಗದು, ಮರಳು ಕಾಗದ ನಾಲ್ಕು ನಮೂನೆ ಉಜ್ಜಿದಳು, ಆಮೇಲೆ ಬರಿಗಾಲಲ್ಲಿ ನಡೆದಳು, ಅಂಗೈ ಊರಿ ನಡೆದಳು, ಕೊನೆಗೆ ಕೆನ್ನೆ ಹಚ್ಚಿ ಮಲಗಿ ಉದ್ದಕ್ಕೂ ಸರಿದಳು, ಅಮ್ಮಿ ಒಳಗಿನಿಂದ ಬಂದು ಹೌಹಾರಿ, ಏನಾತ ನಿನಗ, ಬಿದ್ದೇನು? ಇಲ್ಲ ಅಮ್ಮಿ, ಚುಚ್ಚತೈತೇನು ನೋಡಾಕತ್ತೇನಿ. ಅಮ್ಮಿ ಒಳಗೆ ಹೋದಳು, ತನ್ನ ಹಳೆಯ ಕೌದಿ ತಂದು ಹಲಗೆಯ ಮೇಲೆ ಒಗೆದಳು, ಹಾಸು ಇದನ್ನ, ಐದು ಕಿಲೋ ಭಾರ ಅಂದ್ರ ಹಲಗಿನೂ ಬಿರುಸ ಆಕ್ಕೈತಿ. ಅಷ್ಟೇ. ಆದರೆ ಮರುದಿನ ಎದುರು ಮನೆಯ ಲಾಲಬಿ ಕಟ್ಟೆಯ ಮೇಲೆ ನಿಂತು, ಗೌಸಬಿ ಆಪಾ, ಬಿರ್ಯಾನಿ ಯಾವತ್ತು, ನಮಗೂ ಒಂದು ಡಬ್ಬಿ ಇರ್ಲಿ ಅಂತ ನಕ್ಕಾಗ ಅಮ್ಮಿಯ ದನಿ ಓಣಿಯ ತುದಿಯ ತನಕ ಕೇಳಿತು, ತಿನ್ನಾಕಲ್ಲ ಅವು, ಅವು ನಮ್ಮ ಮನಿಗೆ ಇರಾಕ ಬರಾಕತ್ತಾವ.

ಹೊರಗೆ ಆಟೋದ ಸಪ್ಪಳ, ನಿಂತಿತು, ಸುಮಯ್ಯ ಫ್ರಿಜ್ಜಿನ ಹಿಂದಿನಿಂದ ಕೈ ಎಳೆದುಕೊಂಡಳು, ಪೈಪು ಕೂತಿದೆ, ಮೊಳಕೈ ತುಂಬ ಧೂಳು, ಇರಲಿ, ಬಾಗಿಲಲ್ಲಿ ಗುದ್ಲೆಪ್ಪಕಾಕಾ, ಬಿಳಿ ಟೊಪ್ಪಿಗೆ, ಮೊಣಕಾಲೆತ್ತರದ ಬಿದಿರು ಬುಟ್ಟಿ, ಮೇಲೆ ಹಸಿ ಪಂಜೆ ಹೊದಿಸಿದ್ದಾನೆ, ಪುಷ್ಯಮಾಸದ ತಂಪಿನಲ್ಲೂ, ಬರ್ರಿ ಕಾಕಾ, ಕುಂತ್ಗೋರಿ, ನೀರು ಕುಡೀರಿ, ನೀರು ಆಮ್ಯಾಲೆ, ಮೊದಲ ನೋಡೂಣು, ಎಲ್ಲೈತಿ. ಬುಟ್ಟಿಯನ್ನು ಕೆಳಗಿಟ್ಟ, ಬಿಚ್ಚಲಿಲ್ಲ, ಕಟಾಂಜನದ ಕಂಬ ಹಿಡಿದು ಅಲ್ಲಾಡಿಸಿದ, ಎತ್ತು ಕೊಳ್ಳುವವನು ಕೋಡು ಹಿಡಿದು ನೋಡುವ ಹಾಗೆ, ಕಂಬ ಅಲುಗಲಿಲ್ಲ, ಅವಳು ಬಾಯಿ ಬಿಗಿದು ನಿಂತಿದ್ದಳು, ಅಲುಗದು ಕಾಕಾ, ಅದು ಯಾರ ಕೈ ಅಂತ ತಿಳಿದಿರಿ, ಅಂತ ಒಳಗೊಳಗೇ, ಪೆಟ್ಟಿಗೆಯೊಳಗೆ ಇಣುಕಿದ, ಕರಕಿಯ ಒಂದು ಎಳೆ ಮುರಿದು ಮೂಸಿದ, ತಟ್ಟೆ ನೋಡಿದ, ನೀರಿನ ಮಣ್ಣಿನ ಬಟ್ಟಲು ನೋಡಿದ, ಆಮೇಲೆ ಬಗ್ಗಿ ಹಲಗೆ ನೋಡಿದ, ನೋಡಿ ಹುಬ್ಬು ಗಂಟು ಹಾಕಿದ. ಜಾಳಿಗಿ ಎಲ್ಲೈತಿ ತಂಗಿ? ಜಾಳಿಗಿ ಇಲ್ರಿ. ಇಲ್ಲಂದ್ರ ಹೆಂಗ, ನಿಮ್ಮಪ್ಪ ಮಾಡಿದ ಗೂಡಿಗೆ ಜಾಳಿಗಿ ಇತ್ತು, ಎಷ್ಟು ಛಲೋ ಇತ್ತು, ಅಂಥಾದ್ದು ಮಾಡ್ತೀ ಅಂತ ತಿಳದಿದ್ದೆ ನಾನು, ಖಲಂದರ ಮಿಸ್ತ್ರಿಗಿಂತ ನೀ ಜಾಸ್ತಿ ತಿಳಕೊಂಡಿಯೇನು? ಅಮ್ಮಿ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಾಳೆ, ಅಬ್ಬಾನ ಹೆಸರು ಬಂದ ಕೂಡಲೇ ಸೆರಗು ತಲೆಯ ಮೇಲೆ ಎಳೆದುಕೊಂಡಿದ್ದಾಳೆ, ಆರು ವರ್ಷದಿಂದ ಹಾಗೇ, ಆ ಹೆಸರಿಗೆ ಒಂದು ಧೂಳಿನ ಕಣ ಕೂಡಲು ಬಿಟ್ಟಿಲ್ಲ, ಇವಳಾದರೂ ಬಿಟ್ಟಿದ್ದಾಳೆಯೇ, ಸುಮ್ಮನೆ ಹೇಳಿಬಿಡಬಹುದು, ಜಾಳಿಗೆ ಸಿಗಲಿಲ್ಲ ಕಾಕಾ, ಮುಂದೆ ಹಾಕುತ್ತೇನೆ, ಮಾತು ಮುಗಿಯುತ್ತದೆ, ಬುಟ್ಟಿ ಬಿಚ್ಚುತ್ತದೆ, ಯಾರಿಗೂ ನೋವಿಲ್ಲ — ಆದರೆ ನಾಲಿಗೆ ಕೇಳುತ್ತಿಲ್ಲ, ಆ ಜಾಳಿಗಿ ತಪ್ಪಿತ್ರಿ ಕಾಕಾ. ಏನಂದಿ? ತಪ್ಪಿತ್ರಿ, ಅಬ್ಬಾ ಹಿಡಿದಿದ್ರು, ಮೊಳಿ ನಾನ ಹೊಡದೆ, ಗಟ್ಟಿ ಇತ್ತು, ಸಾಫ್ ಇತ್ತು, ನಿಮಗ ಬಳಿಯಾಕ ಹಗುರಿತ್ತು, ಆದ್ರ ಅದರ ಮ್ಯಾಲೆ ನಿಂತವುಗಳ ಕಾಲು ಹುಣ್ಣಾಗಿದ್ವು, ಹನ್ನೆರಡು ವರ್ಷ, ನಾವಿಬ್ರೂ ಅದರ ಮ್ಯಾಲೆ ಕೈ ಆಡಿಸಿ ನೋಡಿದ್ವಿ, ಕಾಲಿಟ್ಟು ನೋಡಲಿಲ್ಲ. ಅಮ್ಮಿಯ ಕಡೆ ನೋಡಬಾರದು, ನೋಡಿದರೆ ಮಾತು ತಿರುಗಿ ಒಳಗೆ ಹೋಗುತ್ತದೆ, ನೋಡಿದಳು. ಅಮ್ಮಿ ತಟ್ಟೆಯನ್ನು ಹೊಲಿಗೆ ಮಷೀನಿನ ಮೇಲೆ ಇಟ್ಟಳು, ಇಟ್ಟು, ಗುದ್ಲೆಪ್ಪನ ಕಡೆ ತಿರುಗಿ, ಅವರು ಇದ್ದಿದ್ರ ಇವತ್ತ ಬಂದು ನಲವತ್ತೂ ಬಿಚ್ಚಿ ಮತ್ತ ಮಾಡ್ತಿದ್ರು ನೋಡ್ರಿ, ಅಂದಳು, ಅವರ ಕೆಲಸ ಅವರ ಮಗಳು ಮಾಡ್ಯಾಳ, ನೀವು ಚಪ್ಪಲಿ ಬಿಟ್ಟು ಒಂದ್ ಸಲ ಮ್ಯಾಲೆ ನಿಂತು ನೋಡ್ರಿ. ಇದು ಅಮ್ಮಿಯೇ, ಮೂರು ದಿನ ಮಾತು ಬಿಟ್ಟ ಅಮ್ಮಿಯೇ, ಸುಮಯ್ಯನ ಬೆನ್ನು ತಾನಾಗಿಯೇ ನೆಟ್ಟಗಾಯಿತು, ಇಂಥ ಅಮ್ಮಿ ಊರೊಳಗೆ ಯಾರಿಗಿದ್ದಾಳೆ. ಗುದ್ಲೆಪ್ಪಕಾಕಾ ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದ, ಕಟಾಂಜನದ ಬಾಗಿಲಿನಿಂದ ಒಳಹೊಕ್ಕ, ಕೌದಿಯನ್ನು ಕಾಲಿನಿಂದ ಸರಿಸಿದ, ಬರಿ ಹಲಗೆಯ ಮೇಲೆ ನಿಂತ, ಒಂದು ಹೆಜ್ಜೆ, ಎರಡು ಹೆಜ್ಜೆ, ಸೀಳಿದ ಹಿಮ್ಮಡಿಯನ್ನು ಹಲಗೆಗೆ ಉಜ್ಜಿ ನೋಡಿದ, ಮಂಡಿ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತ, ಅಂಗೈ ಆಡಿಸಿದ, ಹಲಗೆಯ ಸಂದಿಗೆ ಉಗುರು ತೂರಿಸಲು ನೋಡಿದ, ನಾನೂ ಅವುಗಳ ಕಾಲು ನೋಡಿದ್ದೆ ತಂಗಿ ಅಂದ ಕೊನೆಗೆ, ದನಿ ಹಲಗೆಗೆ ಹೇಳಿದ ಹಾಗಿತ್ತು, ದಿನಾ ನೋಡ್ತಿದ್ದೆ, ಬುಟ್ಟಿ ತಾ ಇಲ್ಲಿ.

ಬುಟ್ಟಿ ಭಾರ ಇತ್ತು, ಒಳಗೆ ಬಿಸಿ ಬಿಸಿಯಾಗಿ ಏನೋ ಹೊರಳಿತು, ಪಂಜೆ ತೆಗೆದರೆ ನಾಲ್ಕು ಕಿವಿ, ನಾಲ್ಕೂ ಬೆನ್ನಿಗೆ ಅಂಟಿಕೊಂಡು, ಅಂಜಿವೆ, ಯಾರೂ ಮಾತಾಡಬ್ಯಾಡ್ರಿ, ಕೆಳಗ ಕುಂಡ್ರಿ ಅಂದಳು ಸುಮಯ್ಯ, ಹಂಸಭಾವಿಯ ಗುದ್ಲೆಪ್ಪಕಾಕಾ ಗೋಡೆಗೆ ಆತು ಕೂತ, ಅಮ್ಮಿ ಕೂತಳು, ಚಹಾ ಆರಿ ಕೆನೆ ಕಟ್ಟಿತು, ಓಣಿಯಲ್ಲಿ ಸೊಪ್ಪಿನವಳ ಕೂಗು ಬಂದು ಹೋಯಿತು, ಎಷ್ಟೋ ಹೊತ್ತಿನ ಮೇಲೆ ದೊಡ್ಡದು, ಅಕ್ಕ, ಬುಟ್ಟಿಯ ಅಂಚಿಗೆ ಮುಂಗಾಲಿಟ್ಟಿತು, ಮೂಗು ನಡುಗುತ್ತಿದೆ, ಹಲಗೆಯ ಮೇಲೆ ಇಳಿಯಿತು, ಇಳಿದದ್ದೇ ಹೆಜ್ಜೆ ಎತ್ತಿ ಎತ್ತಿ ಇಟ್ಟಿತು, ಸುಡುವ ನೆಲದ ಮೇಲೆ ಇಟ್ಟ ಹಾಗೆ, ನೋವಾಗುತ್ತದೆಂದು ಕಾದ ಹಾಗೆ, ಒಂದು, ಎರಡು, ಮೂರು, ನೋವು ಬರಲಿಲ್ಲ, ನಿಂತಿತು, ತಂಗಿ ಹಿಂದೆಯೇ ಇಳಿದು ಅದರ ಬೆನ್ನಿಗೆ ಮೂಗು ಹಚ್ಚಿತು, ಎರಡೂ ಸೇರಿ ಪೆಟ್ಟಿಗೆಯ ಒಂದು ಬಾಗಿಲಲ್ಲಿ ಹೋಗಿ ಇನ್ನೊಂದರಲ್ಲಿ ಬಂದವು, ಕಂಬಕ್ಕೆ ಗದ್ದ ತಿಕ್ಕಿದವು, ಅದು ಅವುಗಳ ಸಹಿ, ಡಾಕ್ಟರು ಹೇಳಿದ್ದರು, ತಮ್ಮದು ಅನಿಸಿದ್ದಕ್ಕೆ ಗದ್ದ ತಿಕ್ಕತಾವ, ಇನ್ನೊಂದನ್ನೂ ಹೇಳಿದ್ದರು, ಆದರೆ ಅದಕ್ಕೆ ತಿಂಗಳು ಹಿಡಿಯಬಹುದು, ಆರು ತಿಂಗಳೂ ಹಿಡಿಯಬಹುದು, ಕಾಯಬ್ಯಾಡ್ರಿ ಅಂದಿದ್ದರು, ಇವಳು ಕಾಯುತ್ತಿರಲಿಲ್ಲ, ನಿಜವಾಗಿ ಕಾಯುತ್ತಿರಲಿಲ್ಲ, ಅಕ್ಕ ಅಮ್ಮಿಯ ಕೌದಿಯ ಅಂಚಿಗೆ ಬಂದಿತು, ಎರಡು ಸಲ ಕೆರೆಯಿತು, ಒಂದು ಸುತ್ತು ತಿರುಗಿತು, ಮತ್ತು ಯಾರೋ ತಳ್ಳಿದ ಹಾಗೆ ಧಪ್ಪನೆ ಪಕ್ಕಕ್ಕೆ ಬಿದ್ದಿತು, ನಾಲ್ಕೂ ಕಾಲು ಚಾಚಿ, ಕಣ್ಣು ಅರೆಮುಚ್ಚಿ, ಬಿಳಿ ಹೊಟ್ಟೆ ಹೊರಗೆ. ಯವ್ವಾ, ಹೋತು, ಅಂತ ಗುದ್ಲೆಪ್ಪಕಾಕಾ ಮಂಡಿಯ ನೋವು ಮರೆತು ಎದ್ದುಬಿಟ್ಟ, ಹೋತಲ್ಲ ತಂಗಿ, ಬಸ್ಸಿನ ಧಗಿ ಹೊಡೀತು ಅದಕ್ಕ, ಅವನ ಮುಖ ಬಿಳಿಚಿಕೊಂಡಿದೆ, ಹನ್ನೆರಡು ವರ್ಷ ಮೊಲ ಸಾಕಿದವನು, ಪಕ್ಕಕ್ಕೆ ಬಿದ್ದ ಮೊಲ ಅಂದರೆ ಸತ್ತ ಮೊಲ, ಬೇರೆ ಥರ ಬಿದ್ದದ್ದನ್ನು ಅವನು ನೋಡಿಯೇ ಇಲ್ಲ, ಒಂದು ಸಲವೂ ಇಲ್ಲ, ಸುಮಯ್ಯ ಅವನ ಕೈ ಹಿಡಿದು ಕೆಳಗೆ ಕೂಡಿಸಿದಳು, ಸತ್ತಿಲ್ರಿ ಕಾಕಾ, ಮಕ್ಕೊಂಡೈತಿ, ಅಂಜಿಕಿ ಹೋದ್ರ ಹಿಂಗ ಮಕ್ಕೋತಾವ, ಡಾಕ್ಟರು ಹೇಳಿದ್ದು ಇದನ್ನ, ನೋಡ್ರಿ, ಹೊಟ್ಟಿ ನೋಡ್ರಿ, ಅಮ್ಮಿ ಬಾಯಿಗೆ ಸೆರಗು ಒತ್ತಿಕೊಂಡಿದ್ದಾಳೆ, ಗುದ್ಲೆಪ್ಪಕಾಕಾ ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡು ಮುಂದಕ್ಕೆ ಬಾಗಿದ್ದಾನೆ, ಖಾಲಿ ಬುಟ್ಟಿ ಅವನ ಪಕ್ಕದಲ್ಲಿ ಮಗುಚಿ ಬಿದ್ದಿದೆ, ಅವನಿಗದು ಕಾಣುತ್ತಿಲ್ಲ, ಅವನಿಗೆ ಬೇರೆ ಏನೂ ಕಾಣುತ್ತಿಲ್ಲ, ಇವಳಿಗೂ ಇಲ್ಲ, ಅಬ್ಬಾನ ಬೇವು, ತನ್ನ ರಂದಾ, ಅಮ್ಮಿಯ ಕೌದಿ, ಅದರ ಮೇಲೆ ಅಂಗೈ ಅಗಲದ ಆ ಬಿಳಿ, ಏರುತ್ತಿದೆ, ಇಳಿಯುತ್ತಿದೆ, ಬಿಳಿ ಹೊಟ್ಟೆ ಏರುತ್ತಿದೆ, ಇಳಿಯುತ್ತಿದೆ, ನಿಧಾನ, ಏರುತ್ತಿದೆ — ಇಳಿಯುತ್ತಿದೆ — ಏರುತ್ತಿದೆ —